ಮಲಗಿದ ಗೊಂಬೆ

ವಿಜಯದಶಮಿಯ ಸಂಜೆ ಮಲ್ಲೇಶ್ವರದಲ್ಲಿ, ಗೆಳೆಯ ನಾಗರಾಜನ ಮನೆಯಲ್ಲಿದ್ದೇನೆ. ನಾಳೆ ಬಸವನಗುಡಿಯಲ್ಲಿ ನನ್ನ ಉಪನ್ಯಾಸ. ಓದುವ ಕಾಲದಲ್ಲಿ ನಾವಿಬ್ಬರೂ ಉತ್ಖನನಕ್ಕೆ ಹೋದಾಗ ಪ್ರಾಚೀನ ಕಾಲದ ಮಣ್ಣಿನ ಹೆಣ್ಣುಗೊಂಬೆಯೊಂದು ಸಿಕ್ಕಿತ್ತು. ಪೂಜೆ ಮುಗಿದ ಮೇಲೆ ಅಂದಿನ ಜನ ಅದನ್ನು ಎಸೆದರು ಎನ್ನುವುದು ನನ್ನ ವಾದ. ಅದು ನೆಲದಲ್ಲಿ ಬೋರಲು ಬಿದ್ದಿತ್ತು ಎಂಬ ನೆನಪೇ ಅದಕ್ಕೆ ಆಧಾರ.

ಹಜಾರದಲ್ಲಿ ಕೂರಿಸಿದ್ದ ದಸರಾ ಗೊಂಬೆಗಳ ಸಾಲಿನಲ್ಲಿ ಒಂದು ಮಣ್ಣಿನ ಗೊಂಬೆ ಉರುಳಿತ್ತು. ನಮ್ಮ ಬೀದರಿನ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯಿಲ್ಲ. ಎತ್ತಿ ನಿಲ್ಲಿಸಲು ಹೋದೆ.

“ಅಯ್ಯೋ, ಎಬ್ಬಿಸ್ಬೇಡಿ!” ಎಂದರು ನಾಗರಾಜನ ತಾಯಿ. “ಹಬ್ಬ ಮುಗೀತಲ್ಲ, ಈಗ್ತಾನೆ ಮಲಗ್ಸಿದೀನಿ. ನಾಳೆ ಪೆಟ್ಟಿಗೆ ಸೇರ್ತಾಳೆ.”

ಬಗ್ಗಿ ನೋಡಿದರೆ ಗೊಂಬೆಯ ತಲೆಯ ಕೆಳಗೆ ಮಡಚಿದ ಕರವಸ್ತ್ರವಿತ್ತು.

ಕೂತಲ್ಲಿ ಕೂರಲಾಗಲಿಲ್ಲ. “ಅಲ್ಲೋ, ನಮ್ಮ ಗೊಂಬಿ ಬೋರಲೇ ಬಿದ್ದಿತ್ತಲ್ಲ?” ಎಂದು ನಾಗರಾಜನನ್ನು ಕೇಳಿದೆ.

“ಇಲ್ಲ ಮಗಾ, ಅಂಗಾತ. ತಲೆ ಕೆಳಗೆ ಒಂದು ಚಪ್ಪಟೆ ಕಲ್ಲೂ ಇತ್ತು. ಮರ್ತ್‌ಬಿಟ್ಯಾ?”

ಕಲ್ಲು ನನಗೆ ನೆನಪಿಲ್ಲ. ಆದರೆ ಈಗ ಕಣ್ಣು ಮುಚ್ಚಿದರೆ ಕಲ್ಲೇ ಕಾಣುತ್ತದೆ. ಅಂದು ಕಂಡದ್ದೋ, ಈಗ ನಾನೇ ಇಟ್ಟುಕೊಂಡದ್ದೋ ತಿಳಿಯದು.

ಭಾಷಣದ ಹಾಳೆಯಲ್ಲಿ ‘ಎಸೆದರು’ ಎಂಬುದನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ‘ಮಲಗಿಸಿದರು’ ಎಂದು ಬರೆಯಲು ಕೈ ಬರಲಿಲ್ಲ.