ಧ್ರುವನೌಕೆಯಿಂದ ಇಳಿಸಿದ ಅಕ್ಕ

ನಮ್ಮ ಸಣ್ಣಮಾವ ಟಿವಿಯನ್ನು ಎಂದೂ ಕೂತು ನೋಡಿದವರಲ್ಲ. ಪಡಸಾಲೆಯಲ್ಲಿ ಅವರಿಗೆಂದೇ ಒಂದು ಬೆತ್ತದ ಕುರ್ಚಿ ಇತ್ತು. ಅದರ ಮೇಲೆ ಅವರ ಟವೆಲ್ಲು ಕೂರುತ್ತಿತ್ತು, ಅವರು ಕೂರುತ್ತಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ನೋಡುವರು. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದಿಷ್ಟು ಭತ್ತ. ಕಂಪ್ಲಿಯ ನಮ್ಮ ರೈಸ್‌ಮಿಲ್ಲಿನಲ್ಲಿ ಭತ್ತ ಒಣಗಿದೆಯೋ ಇಲ್ಲವೋ ಎಂದು ಕಾಳು ಕಚ್ಚಿ ನೋಡಿ ನೋಡಿ ಅಂಟಿಕೊಂಡ ಚಟ ಅದು. ಕಥೆಯಲ್ಲಿ ಏನಾದರೂ ತಾಳೆಯಾಗದಿದ್ದರೆ ಕಟ್ ಎಂದು ಒಂದು ಕಾಳು ಒಡೆಯುವುದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೆ ಆ ಸದ್ದಿನಿಂದಲೇ ತಿಳಿಯುತ್ತಿತ್ತು, ‘ಧ್ರುವನೌಕೆ’ಯವರು ಮತ್ತೇನೋ ಎಡವಟ್ಟು ಮಾಡಿದ್ದಾರೆ ಎಂದು.

ಅವರ ಹೆಸರು ಪಂಪಾಪತಿ. ನನ್ನ ಮಾವನವರ ತಮ್ಮ. ಮದುವೆಯಾಗಲಿಲ್ಲ. ಚಿತ್ತವಾಡ್ಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು. ಬೆಳಿಗ್ಗೆ ಬಸ್ಸು ಹಿಡಿದು ಕಂಪ್ಲಿಗೆ, ಸಂಜೆ ಚಹಾದ ಹೊತ್ತಿಗೆ ವಾಪಸ್ಸು. ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದುದು, “ಸುಮಾ, ಹೊಸಾದು ಬಂತೇನವ್ವಾ?”

ಹೊಸದೆಂದರೆ ಧ್ರುವನೌಕೆಯ ಹೊಸ ಕಂತು. ಯಾವುದೋ ದೇಶದವರು ತೆಗೆದ ಧಾರಾವಾಹಿ, ಕನ್ನಡದ ದನಿ ಕೂಡಿಸಿದ್ದರು. ಓರಿನ್ ಎಂಬ ಕ್ಯಾಪ್ಟನ್ನು ನಕ್ಷತ್ರಗಳ ನಡುವೆ ಹಡಗು ನಡೆಸುತ್ತಾನೆ. ಮೊದಲ ಭಾಗದಲ್ಲಿ ಅವನನ್ನು ಸಾಕಿದವಳು ಅಕ್ಕ ಇರಾ. ಅವನನ್ನು ಉಳಿಸಲು ಹೋಗಿ ಅವಳು ಸಾಯುತ್ತಾಳೆ. ಆಮೇಲೆ ಭಾಗದ ಮೇಲೆ ಭಾಗ ಬಂದವು. ಕೊನೆಗೆ ಓರಿನ್ನನ ಬಾಲ್ಯದ ಕಥೆಯೆಂದು ಒಂದು ತೆಗೆದರು. ಅದರಲ್ಲಿ ಅಕ್ಕನೇ ಇಲ್ಲ. ಅವನು ಅಪ್ಪ ಅಮ್ಮನಿಗೆ ಒಬ್ಬನೇ ಮಗ.

ಅವತ್ತು ಕಾಳುಗಳು ಒಡೆದದ್ದೇ ಒಡೆದದ್ದು.

“ಅಲ್ಲವ್ವಾ, ಆಕಿ ಇವಗ ಹಾಲು ಕುಡಿಸಿದ್ದನ್ನ ನಾನಽ ನೋಡೀನಿ. ಈಗ ನೋಡಿದ್ರ ಒಬ್ಬನಽ ಮಗ ಅಂತಾರ. ಹಂಗಾದ್ರ ಹಾಲು ಕುಡಿಸಿದಾಕಿ ಯಾರು?”

ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತಲಿಲ್ಲ. “ಆಕಾಶದಾಗ ಎಮ್ಮಿ ಎಲ್ಲಿಂದ ಬಂತೋ ಪಂಪಣ್ಣ, ಮೊದಲು ಅದನ್ನ ಕೇಳು.”

“ನಿಮಗ ನಗಿ, ಅತ್ತಿಗಿ.”

“ನಗಬಾರದೇನಪ್ಪಾ? ಕುಂದ್ರು ಮೊದಲು. ನೀನು ತಿರುಗೋದು ನೋಡಿ ನನಗ ತಲಿ ತಿರುಗಾಕತ್ತೈತಿ.”

ಎಲ್ಲ ತಪ್ಪಿಗೂ ಅವರು ಹೀಗೆ ಸಿಟ್ಟಾಗುವವರಲ್ಲ. ಓರಿನ್ನನ ಎಡಹುಬ್ಬಿನ ಗಾಯ ಒಂದು ಕಂತಿನಲ್ಲಿ ಬಲಕ್ಕೆ ಬಂದಾಗ, “ಹೋಗ್ಲಿ ಬಿಡು, ಮಿಲ್ಲಿನ ಅಕ್ಕ್ಯಾಗೂ ಒಂದೆರಡು ಭತ್ತ ಉಳೀತಾವು” ಎಂದು ನಕ್ಕಿದ್ದರು. ಇರಾಳ ವಿಷಯಕ್ಕೆ ಮಾತ್ರ ನಗು ಬರುತ್ತಿರಲಿಲ್ಲ.

ಧಾರಾವಾಹಿ ಕಂಪನಿಯವರು ಮೊದಲ ಭಾಗ ಇನ್ನು ಕ್ಯಾನನ್ ಅಲ್ಲವೆಂದು ಘೋಷಿಸಿದ್ದನ್ನು ನಾನೇ ಮೊಬೈಲಿನಲ್ಲಿ ಓದಿ ಹೇಳಿದೆ. ಹಾಗಂದರೇನು ಎಂದರು. ಬೈಬಲ್ಲಿಗೆ ಸೇರಿದ ಪುಸ್ತಕ ಯಾವುವು, ಸೇರದವು ಯಾವುವು ಎಂದು ಹೇಳುವಾಗ ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಆ ಪದ ಬಳಸುತ್ತಿದ್ದರು. ಅದನ್ನೇ ಹೇಳಿದೆ. “ಇದು ಖರೆ ಕಥಿ, ಇದು ಲೆಕ್ಕಕ್ಕಿಲ್ಲ ಅಂತ ತೀರ್ಮಾನ ಮಾಡೋದು ರೀ.”

“ಯಾರು ಮಾಡೋರು?”

“ದೊಡ್ಡವರು ಕೂತು ಮಾಡ್ತಾರ್ರೀ.”

ಕಿಟಕಿಯ ಹತ್ತಿರ ನಿಂತುಬಿಟ್ಟರು. “ಹ್ಞೂಂ. ನಮ್ಮನ್ಯಾಗೂ ದೊಡ್ಡೋರು ಕುಂತಽ ಮಾಡಿದ್ರು.”

ಆಗ ಅತ್ತೆ ಬೆಳ್ಳುಳ್ಳಿ ಮೊರ ಎತ್ತಿಕೊಂಡು ಒಳಗೆ ಹೋದದ್ದನ್ನು ನಾನು ನೋಡಿದ್ದೆ. ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಮುಂದಿನ ಸೋಮವಾರ, ಹಂಪಿಯಲ್ಲಿ. ನಾನೂ ಸಣ್ಣಮಾವನೂ ವಿರೂಪಾಕ್ಷನ ದರ್ಶನ ಮುಗಿಸಿ ಹೊಳೆಯ ಮೆಟ್ಟಿಲಿಗೆ ಬಂದಿದ್ದೆವು. ನಾನು ಕೂತೆ. ಅವರು ನಿಂತೇ ಆಚೆ ದಂಡೆಗೆ ಕೈ ತೋರಿಸಿದರು. “ಅಗಾ, ಆ ಗುಡ್ಡದಾಗ ಸುಗ್ರೀವ ಇದ್ದ ಅಂತಾರ. ಈ ಕಡಿ ರಾಯರು ಆಳಿದ್ರು ಅಂತಾರ. ಒಬ್ಬರ ಸಲುವಾಗಿ ಇನ್ನೊಬ್ಬರನ್ನ ಇಲ್ಲಿ ಯಾರೂ ತಗದು ಹಾಕಿಲ್ಲ ನೋಡವ್ವಾ.” ಆಮೇಲೆ, ನೀರಿನ ಕಡೆಗೇ ಮುಖ ಮಾಡಿಕೊಂಡು, “ನನಗೂ ಒಬ್ಬಾಕಿ ಅಕ್ಕ ಇದ್ಲು” ಎಂದರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಗಿತ್ತು. ನೀಲಮ್ಮ ಎಂಬ ಹೆಸರನ್ನು ಕೇಳಿದ್ದು ಅದೇ ಮೊದಲು.

ಬಂಡ್ರಿ ಕಡೆಯ, ಬೇರೆ ಜಾತಿಯ ಒಬ್ಬ ಲಾರಿ ಡ್ರೈವರ್ ಮಿಲ್ಲಿಗೆ ಬರುತ್ತಿದ್ದನಂತೆ. ಅಕ್ಕ ಅವನ ಜೊತೆ ಹೋದಳು. ಒಂದೆರಡು ವರ್ಷಕ್ಕೆ ಬಾಣಂತನದಲ್ಲಿ ತೀರಿಕೊಂಡಳು. ಮನೆಯಿಂದ ಯಾರೂ ಹೋಗಲಿಲ್ಲ. ಈ ಮನೆಯಲ್ಲಿ ಮಕ್ಕಳು ಇಬ್ಬರೇ, ಇಬ್ಬರೂ ಗಂಡು ಎಂದು ಹಿರಿಯರು ಮಾತು ಕಟ್ಟಿದರು.

“ಆಕಿ ಹೋಗೋದನ್ನ ನಾ ನೋಡೀನವ್ವಾ. ಬೆಳ್ಳಬೆಳಗ್ಗೆ, ಮನಿ ಮುಂದ ಭತ್ತದ ಚೀಲದ ಸಂದಿ ನಿಂತಿದ್ದೆ. ಹಸರು ಸೀರಿ ಉಟ್ಟಿದ್ಲು. ಮನ್ಯಾಗ ಹೇಳಿದೆ. ನಮ್ಮವ್ವ ಏನಂದ್ಲು ಗೊತ್ತಾ? ‘ಆಕಿಗೆ ಹಸರು ಸೀರಿನಽ ಇಲ್ಲ, ಕನಸು ಕಂಡೀಯೋ ಹುಚ್ಚಪ್ಪಾ’ ಅಂದ್ಲು. ಆಕಿ ಸೀರಿ ಎಲ್ಲಾ ನನಗೂ ಗೊತ್ತಿದ್ವು, ಹಸರು ಇದ್ದಿದ್ದಿಲ್ಲ, ಅದೂ ಖರೆ. ನಾ ನೋಡಿದ್ದೂ ಖರೆ. ಎರಡೂ ಹೆಂಗ ಖರೆ ಆಗ್ತಾವ? ಒಮ್ಮೊಮ್ಮೆ ಅನಸ್ತೈತಿ, ಅಕ್ಕನ್ನೂ ನಾನಽ ಹುಟ್ಟಿಸಿಕೊಂಡೀನೇನೋ ಅಂತ.”

ಕಟ್ ಎಂದು ಕಾಳು ಒಡೆಯಿತು. ನನಗೆ ಕೂರಲಾಗಲಿಲ್ಲ.

ನಮ್ಮಲ್ಲಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಹಬ್ಬ. ತೀರಿಕೊಂಡ ಒಬ್ಬೊಬ್ಬರಿಗೂ ಒಂದು ಹೊಸ ಬಟ್ಟೆ ಇಟ್ಟು, ಹೋಳಿಗೆ ಎಡೆ ಹಿಡಿದು, ಹೆಸರು ಹೇಳುತ್ತೇವೆ. ಹೆಸರು ಹೇಳುವವರು ಅತ್ತೆ. ಆ ವರ್ಷ ಸಣ್ಣಮಾವ ಪೇಟೆಯಿಂದ ಒಂದು ಹಸಿರು ಸೀರೆ ತಂದು, ತಮ್ಮ ತಾಯಿಯ ಸೀರೆಯ ಪಕ್ಕಕ್ಕೆ ಇಟ್ಟರು.

“ಇದು ಯಾರಿಗೆ?” ಎಂದರು ಅತ್ತೆ.

ಮನೆ ತುಂಬ ನೆಂಟರು. ಸಣ್ಣಮಾವ ಬಾಯಿ ತೆರೆದರು. ಜೇಬಿಗೆ ಕೈ ಹೋಯಿತು. “ಏನಿಲ್ಲ ಅತ್ತಿಗಿ, ಒಂದು ಹೆಚ್ಚಾತು” ಎಂದು ಸೀರೆಯನ್ನು ಎತ್ತಿಕೊಂಡು ಕೋಣೆಗೆ ಹೋದರು. ಅತ್ತೆ ಉಳಿದ ಹೆಸರುಗಳನ್ನು ಹೇಳಿ ಮುಗಿಸಿದರು. ದನಿ ಮಾತ್ರ ಎಂದಿನಂತೆ ಇರಲಿಲ್ಲ.

ಮರುವರ್ಷ ಶ್ರಾವಣದ ಒಂದು ಬೆಳಿಗ್ಗೆ, ಬಸ್ಸಿಗೆ ಹೊರಟವರು ಬಾಗಿಲಿನಿಂದ ಹಿಂದಕ್ಕೆ ಬಂದರು. ಕೈಯಲ್ಲಿ ಅದೇ ಸೀರೆಯ ಚೀಲ.

“ಈ ಸಲ ನೀನು ಇಡು, ಸುಮಾ. ನನ್ನ ಕೈಲೆ ಆಗೂದಿಲ್ಲ.”

“ಅತ್ತೆ ಕೇಳಿದ್ರ ಏನ್ ಹೇಳ್ಲಿ ರೀ?”

“ಹೆಸರು ಹೇಳು. ಅಷ್ಟಽ.” ಹೊರಟವರು ಮತ್ತೆ ತಿರುಗಿದರು. “ಹೊಸಾದು ಬಂದ್ರ ಫೋನ್ ಹಚ್ಚು. ಇರಾನ್ನ ವಾಪಸ್ ತರ್ತಾರೇನೋ.”

ಮಧ್ಯಾಹ್ನ ಮಿಲ್ಲಿನವರೇ ಫೋನ್ ಹಚ್ಚಿದರು. ಕಾಳು ಕಚ್ಚಿ ನೋಡುತ್ತಾ ನಿಂತಿದ್ದವರು ಚೀಲಗಳ ಮೇಲೆ ಒರಗಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಆ ವರ್ಷ ಹಬ್ಬ ಮಾಡಲಿಲ್ಲ. ಮೊನ್ನೆಯ ಅಮಾವಾಸ್ಯೆಗೆ ಮಾಡಿದೆವು. ಬೆತ್ತದ ಕುರ್ಚಿಯನ್ನು ಒರೆಸಿ, ಅದರ ಮೇಲೆ ಸಣ್ಣಮಾವನಿಗೆಂದು ಹೊಸ ಧೋತ್ರ ಇಟ್ಟೆ. ಪಕ್ಕದಲ್ಲಿ ಹಸಿರು ಸೀರೆ. ಅತ್ತೆ ಕೇಳುವ ಮೊದಲೇ ಹೇಳಿಬಿಟ್ಟೆ, “ನೀಲಮ್ಮನವರಿಗೆ ರೀ.”

ಅತ್ತೆ ಸೀರೆಯನ್ನೇ ನೋಡಿದರು. ಬಾಗಿ ಅದರ ಅಂಚು ಮುಟ್ಟಿದರು.

“ಆಕಿಗೆ ಹಸರು ಸೇರ್ತಿದ್ದಿಲ್ಲ.”

ಸೀರೆ ಎತ್ತಿಡಲು ಹೋದೆ, ಅತ್ತೆ ತಡೆದರು.

“ಅವತ್ತು ಉಟ್ಟಿದ್ದು ನನ್ನ ಸೀರಿ. ನನ್ನ ಮದುವಿ ಸೀರಿ. ಹಳೇ ಸೀರ್‍ಯಾಗ ಹೊಂಟಿದ್ಲು, ಹಂಗ ಹೋಗಬ್ಯಾಡ ಅಂತ ನಾನಽ ಉಡಿಸಿ ಕಳಿಸಿದ್ದೆ.”

“ಅತ್ತೆ... ಸಣ್ಣಮಾವಗಾದರೂ ಹೇಳಬಾರದಾಗಿತ್ತಾ?”

“ಹೊಸ ಸೊಸಿ ಇದ್ದೆ. ಹೇಳಿದ್ರ ನನ್ನೂ ಹೊರಗ ಹಾಕ್ತಿದ್ರು. ಆಮ್ಯಾಲೆ...” ಸೆರಗಿನಿಂದ ಬಾಯಿ ಒತ್ತಿಕೊಂಡರು. “ಆಮ್ಯಾಲೆ ಹಳೇ ಸೊಸಿ ಆದೆ. ಇದು ಪಂಪಣ್ಣ ತಂದದ್ದು, ಇರಲಿ. ಆಕಿಗೆ ಸೇರೋದು ಕೆಂಪು. ತಡಿ, ತರ್ತೀನಿ.”

ಗೋಡೆ ಹಿಡಿದುಕೊಂಡು ಒಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು. ಎರಡೂ ಖರೆ ಅಂತ್ರೀ ಸಣ್ಣಮಾವ ಎಂದು ಹೇಳಬೇಕೆನಿಸಿತು. ಕುರ್ಚಿಯ ಮೇಲೆ ಮಡಿಸಿದ ಧೋತ್ರವಿತ್ತು. ಹೋಳಿಗೆ ಆರುತ್ತಿತ್ತು. ಅತ್ತೆ ಬರುವತನಕ ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಇದ್ದೆ.