ಗೆದ್ದಲು ತಿನ್ನದ ಕಡತ

ನನ್ನ ಅಕ್ಕ ಶಾಲ್ಮಲಾಳ ದತ್ತು ಕಡತವನ್ನು ಗೆದ್ದಲು ತಿನ್ನಲಿಲ್ಲ. ಒಂಬತ್ತು ವರ್ಷದ ಹಿಂದೆ ಅವಳಿಗೆ ಫೋನು ಮಾಡಿ, ಧಾರವಾಡದ ಕಡೆಯ ಆಶ್ರಮದ ಗುಮಾಸ್ತ ಪಾಟೀಲ ಎಂದು ಹೇಳಿಕೊಂಡು, ಕಾಗದಪತ್ರವೆಲ್ಲ ಗೆದ್ದಲಿನ ಪಾಲಾಯಿತು ಎಂದವನು ಯಾವ ಪಾಟೀಲನೂ ಅಲ್ಲ. ಸಿಂಗಪುರದ ಟ್ಯಾಂಪಿನೀಸಿನ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ ಸೈಕಲ್ ನಿಲ್ಲಿಸುವ ಕಂಬಿಗೆ ಒರಗಿ ನಿಂತಿದ್ದ ಹದಿನೇಳು ವರ್ಷದ ಅವಳ ತಮ್ಮ—ನಾನು. ಸುಹಾಸ.

ತಮಾಷೆಗೆ ಮಾಡಿದೆ ಎಂದರೆ ನೀವು ನಂಬಿಬಿಡುತ್ತೀರಿ. ನನ್ನನ್ನು ಬಲ್ಲವರೆಲ್ಲ ನಂಬುತ್ತಾರೆ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ—ತಮಾಷೆಗೆ ಮಾಡಲಿಲ್ಲ.

ನನಗೆ ಬರುವ ವಿದ್ಯೆ ಒಂದೇ: ಇನ್ನೊಬ್ಬರ ದನಿ. ಎಂಆರ್‌ಟಿ ರೈಲಿನಲ್ಲಿ ಬಾಗಿಲು ಮುಚ್ಚುವಾಗ ಎಚ್ಚರಿಸುವ ಹೆಂಗಸು, ಕನ್ನಡದವರು ಸೇರಿದಲ್ಲೆಲ್ಲ ‘ಎರಡೇ ಮಾತು’ ಎಂದು ಶುರುಮಾಡಿ ಊಟ ಆರಿಹೋಗುವವರೆಗೆ ವಂದನಾರ್ಪಣೆ ಮಾಡುವ ಅಂಕಲ್, ಟುವಾಸಿನ ಕಾರ್ಖಾನೆಯಿಂದ ಇಡೀ ದ್ವೀಪ ದಾಟಿ ಬಂದು ಸೋಫಾಕ್ಕೆ ಕುಸಿಯುತ್ತಾ ‘ಬಸವಾ…’ ಎನ್ನುವ ನಮ್ಮಪ್ಪ—ಎಲ್ಲರೂ ನನ್ನ ಗಂಟಲಲ್ಲೇ ಬಿಡಾರ ಹೂಡಿದ್ದಾರೆ. ನನ್ನನ್ನೂ ನಾನು ಬಿಟ್ಟವನಲ್ಲ. ಕೆಲಸದ ಸಂದರ್ಶನದಲ್ಲಿ ಬೆವರುತ್ತಾ ತೊದಲುವ ಸುಹಾಸನನ್ನು ನನಗಿಂತ ಚೆನ್ನಾಗಿ ಯಾರೂ ಮಾಡಲಾರರು.

ಅಪ್ಪ ಅಮ್ಮ ಅಕ್ಕನನ್ನು ಎಂಟು ತಿಂಗಳ ಕೂಸಾಗಿದ್ದಾಗ ಆ ಆಶ್ರಮದಿಂದ ಸಿಂಗಪುರಕ್ಕೆ ತಂದರು. ಆರು ವರ್ಷದ ಮೇಲೆ, ಡಾಕ್ಟರೂ ಆಸೆ ಬಿಟ್ಟಿದ್ದಾಗ, ನಾನು ಹುಟ್ಟಿದೆ. ಮನೆಯಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ‘ನಾನು ಲೋಕಲ್, ನೀನು ಇಂಪೋರ್ಟೆಡ್’ ಎಂದು ನಾನು ಕಾಡಿದರೆ ಅವಳ ಉತ್ತರ ತಯಾರಿರುತ್ತಿತ್ತು: “ನನ್ನನ್ನ ನೋಡಿ, ಆರಿಸಿ ತಂದ್ರು ಕಣೋ ಪುಟ್ಟ. ನೀನು—ಬಂದಿದ್ದನ್ನ ಇಟ್ಕೊಂಡ್ರು ಅಷ್ಟೆ.”

ಇಪ್ಪತ್ಮೂರನೇ ವಯಸ್ಸಿಗೆ ಅವಳಿಗೆ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಮೊದಲ ಕೆಲಸ ಸಿಕ್ಕಿತು. ಸೇರುವ ಮುಂಚಿನ ತಪಾಸಣೆಯ ಫಾರ್ಮಿನಲ್ಲಿ ಒಂದು ಪ್ರಶ್ನೆ: ನಿಮ್ಮ ವಂಶದಲ್ಲಿ ಯಾರಿಗಾದರೂ ಈ ಕಾಯಿಲೆಗಳು ಇದ್ದವೇ? ಅವಳು ‘ಗೊತ್ತಿಲ್ಲ’ ಎಂದು ಬರೆದಳು. ಮನೆಗೆ ಬಂದು, ತನ್ನ ಫೋನ್ ನಂಬರನ್ನೂ ಕೊಟ್ಟು ಆಶ್ರಮಕ್ಕೆ ಪತ್ರ ಬರೆದಳು; ನಮ್ಮಲ್ಲಿದ್ದ ಕಾಗದಗಳಲ್ಲಿ ಆಶ್ರಮದ ವಿಳಾಸಕ್ಕಿಂತ ಹಿಂದಿನದು ಏನೂ ಇರಲಿಲ್ಲ. ಅಮ್ಮನ ಎದುರಿಗೇ ಕೂತು ಬರೆದಳು. ಅಮ್ಮ ‘ಬರಿ’ ಎಂದರು. ಮಾರನೆಯ ದಿನ ಅವಳು ಹೊರಗೆ ಹೋದ ಮೇಲೆ, ಮೆಂತ್ಯ ಸೊಪ್ಪು ಬಿಡಿಸುತ್ತಾ, ನನಗೋ ಸೊಪ್ಪಿಗೋ ಎಂಬ ಹಾಗೆ, “ಹೋದಾಕಿ ಹೊಳ್ಳಿ ಬರ್ತಾಳೋ ಇಲ್ಲೋ” ಎಂದರು.

ಈ ಮಾತನ್ನು ನಾನಿಲ್ಲಿ ಬರೆಯಬಾರದಿತ್ತೇನೋ. ಬರೆದರೆ ನೆಪವಾಗುತ್ತದೆ. ಅಮ್ಮ ನನಗೆ ಏನನ್ನೂ ಮಾಡು ಎನ್ನಲಿಲ್ಲ, ಮಾಡಿದ್ದು ಅವರಿಗೆ ತಿಳಿಯಲೂ ಇಲ್ಲ. ಹೆದರಿದವನು ನಾನು. ಅವಳಿಗೆ ಅಲ್ಲಿ ಇನ್ನೊಬ್ಬ ತಮ್ಮ ಇರಬಹುದು, ಅವನು ನನಗಿಂತ ಒಳ್ಳೆಯವನಿರಬಹುದು, ಆಮೇಲೆ ನಾನು ಬರೀ—ಏನೆಂದು ಆಗಲೂ ಗೊತ್ತಿರಲಿಲ್ಲ, ಈಗಲೂ ಆ ವಾಕ್ಯ ಮುಗಿಯುವುದಿಲ್ಲ.

ಲೆಟರ್‌ಬಾಕ್ಸಿನ ಕೀಲಿ ನನ್ನ ಹತ್ತಿರ ಇರುತ್ತಿತ್ತು. ಸ್ಕೂಲಿನಿಂದ ಬರುವಾಗ ಟಪಾಲು ತರುವುದು ನನ್ನ ಕೆಲಸ. ಆರು ವಾರದ ಮೇಲೆ ಅಕ್ಕನ ಹೆಸರಿಗೆ ಊರಿನ ಸ್ಟಾಂಪು ಹಚ್ಚಿದ ಕಂದು ಲಕೋಟೆ ಬಂತು. ಲಿಫ್ಟಿನಲ್ಲೇ ಒಡೆದೆ. ಟೈಪು ಮಾಡಿದ ನಾಲ್ಕು ಸಾಲು: ನಿಮ್ಮ ಕಡತ ನಮ್ಮಲ್ಲಿ ಸುರಕ್ಷಿತವಾಗಿದೆ, ಗುರುತಿನ ಪತ್ರದೊಂದಿಗೆ ಖುದ್ದಾಗಿ ಬಂದರೆ ನೋಡಬಹುದು, ಬರುವ ಮುಂಚೆ ತಿಳಿಸಿ. ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಗೆ ಹೋಗಿ, ಕಸ ಹಾಕುವ ಚ್ಯೂಟಿನ ಮುಚ್ಚಳ ಎಳೆದು, ಲಕೋಟೆಯನ್ನು ಒಳಕ್ಕೆ ಬಿಟ್ಟೆ. ಒಂಬತ್ತು ಮಹಡಿ ಗೋಡೆಗೆ ತಾಗುತ್ತಾ ತಾಗುತ್ತಾ ಅದು ಇಳಿದ ಸದ್ದು—ಅದೊಂದು ಸದ್ದನ್ನು ನಾನು ಇವತ್ತಿಗೂ ಯಾರಿಗೂ ಮಾಡಿ ತೋರಿಸಿಲ್ಲ.

ಉತ್ತರ ಬರಲಿಲ್ಲವೆಂದು ಅವಳು ಇನ್ನೊಂದು ಪತ್ರ ಬರೆಯುವುದರಲ್ಲಿದ್ದಳು. ಅದಕ್ಕೆ ಪಾಟೀಲ ಬೇಕಾದ.

ಗದಗಿನ ನಮ್ಮ ದೊಡ್ಡಪ್ಪನ ದವಡೆಯಲ್ಲಿ ಸದಾ ಕೂತಿರುವ ಅಡಿಕೆ ಹೋಳನ್ನು ಕಡ ತಂದೆ. ಮಾತಿನ ನಡುವೆ ಹಾಳೆ ತಿರುವಿದ ಸಪ್ಪಳಕ್ಕೆ ನನ್ನ ಗಣಿತದ ನೋಟ್‌ಬುಕ್ಕು. ಜ್ವರವೆಂದು ಅಕ್ಕ ಮನೆಯಲ್ಲಿ ಮಲಗಿದ್ದ ಒಂದು ಮಂಗಳವಾರ ಮಧ್ಯಾಹ್ನ, ಇಂಟರ್ನೆಟ್ ಕರೆಯ ಆ್ಯಪಿನಿಂದ ಫೋನು ಮಾಡಿದೆ. ನಂಬರು ಕಾಣಿಸುತ್ತಿರಲಿಲ್ಲ, ಊರಿನ ಎಷ್ಟೋ ಕರೆಗಳು ಆಗ ಹಾಗೇ ಬರುತ್ತಿದ್ದವು.

“ಹುಡುಕಿದ್ವಿ ನೋಡವಾ ತಂಗಿ. ಆ ವರ್ಷದ ಕಪಾಟಿಗೆ ಗೆದ್ದಲ ಹತ್ತಿ ಎಲ್ಲಾ ಹೋಗೇತಿ. ಏನೂ ಉಳದಿಲ್ಲ.”

“ಸರ್, ಒಂದು ಹೆಸರಾದ್ರೂ… ಯಾವುದಾದ್ರೂ ರಿಜಿಸ್ಟರ್‌ನಲ್ಲಿ?” ಎಂದಳು.

“ಏನೂ ಇಲ್ಲ ನೋಡವಾ.”

“ಸರಿ ಸರ್. ಇಷ್ಟು ಹುಡುಕಿ ಫೋನ್ ಮಾಡಿದ್ರಲ್ಲ—ಥ್ಯಾಂಕ್ಸ್.”

ಇಲ್ಲಿ ಒಂದು ಮಾತು ಹೇಳಲೇಬೇಕು. ಅವಳು ‘ಸರ್’ ಎಂದಾಗ ನನಗೆ ಖುಷಿಯಾಯಿತು. ಹೆದರಿಕೆಯಿಂದ ಮಾಡಿದೆ ಎಂದು ಹೇಳಿದೆನಲ್ಲ, ಅದು ನಿಜ—ಆದರೆ ಅಷ್ಟೇ ನಿಜವಲ್ಲ. ನಾನು ಹುಟ್ಟಿದಾಗಿನಿಂದ ನನ್ನ ದನಿ ಕೇಳಿದವಳು ನನ್ನನ್ನು ಗುರುತಿಸಲಿಲ್ಲ ಎಂಬ ಹೆಮ್ಮೆ ಎದೆ ತುಂಬಿತ್ತು. ಅವಳ ಲೋಕದ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದಾಗ ನಾನು ಮನಸ್ಸಿನಲ್ಲೇ ಶಾಭಾಸ್ ಎಂದುಕೊಳ್ಳುತ್ತಿದ್ದೆ.

ಮೇಲೆ ಹೋದೆ. ಅಕ್ಕ ಹೊದಿಕೆ ಹೊದ್ದು ಮಂಚದ ಮೇಲೆ ಕೂತಿದ್ದಳು. ನನಗೇ ಮೊದಲು ಹೇಳಿದಳು. ಹೇಳಿ ಮುಗಿಸಿ, ಅಳು ತಡೆಯಲೆಂದೋ ಏನೋ, “ಆ ಗುಮಾಸ್ತ ಹೆಂಗ್ ಮಾತಾಡ್ದ ಗೊತ್ತಾ, ಬಾಯಲ್ಲಿ ಏನೋ ಇಟ್ಕೊಂಡು… ನೀನು ಕೇಳಿದ್ರೆ ಅವನನ್ನ ಬಿಡ್ತಿರ್ಲಿಲ್ಲ. ಮಾಡು ನೋಡೋಣ” ಎಂದಳು. ನಾನು ಪಾಟೀಲನನ್ನು ಮಾಡಿದೆ. ಬೇಕೆಂದೇ ಕೆಟ್ಟದಾಗಿ ಮಾಡಿದೆ. ಜೀವಮಾನದಲ್ಲಿ ಅದೊಂದೇ ಸಲ. ಅವಳು ನಕ್ಕು, “ಸ್ವಲ್ಪಾನೂ ಹಂಗಿರ್ಲಿಲ್ಲ ಬಿಡೋ” ಎಂದು ನನ್ನ ತಲೆಗೆ ಮೊಟಕಿದಳು.

ಆಮೇಲೆ ಅವಳು ಹುಡುಕುವುದನ್ನು ಬಿಟ್ಟಳು. ನಾನು ಇಲ್ಲಿ ಹುಡುಗರಿಗೆಲ್ಲ ಕಡ್ಡಾಯವಾದ ಸೈನ್ಯದ ಸೇವೆಗೆ ಹೋದೆ, ಬಂದೆ, ಓದಿದೆ, ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಏನು ಕಳೆದುಹೋದರೂ—ಅಪ್ಪನ ಕನ್ನಡಕವೋ, ಟಿವಿಯ ರಿಮೋಟೋ—ಅಕ್ಕ “ಗೆದ್ದಲ ತಿಂದಿರಬೇಕು” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ನಾನೂ.

ಎರಡು ವರ್ಷದಿಂದ ಅವಳು ಒಂದು ಗುಂಪಿನಲ್ಲಿದ್ದಾಳೆ. ದತ್ತು ಹೋಗಿ ಬೆಳೆದ ಹತ್ತು ಹನ್ನೆರಡು ಮಂದಿ. ಚೀನೀಯರು, ಮಲಯರು, ತಮಿಳರು, ನಮ್ಮ ಅಕ್ಕ. ಹಾಕರ್ ಸೆಂಟರಿನ ಊಟದಂಗಡಿಗಳ ನಡುವೆ ಒಂದು ಮೇಜಿನ ಸುತ್ತ ಕೂತು, ಕಾನೂನಿನಲ್ಲಿ ಏನು ಸೇರಬೇಕು ಎಂದು ಬರೆಯುತ್ತಾರೆ, ಹೊಡೆದುಹಾಕುತ್ತಾರೆ, ಮತ್ತೆ ಬರೆಯುತ್ತಾರೆ. ಅವರು ಕೇಳುವುದು ಇಷ್ಟೇ: ವಯಸ್ಕರಾದ ಮೇಲೆ ತಮ್ಮ ಹುಟ್ಟಿನ ಕಾಗದವನ್ನು ನೋಡುವುದು ಯಾರದೋ ದಯೆಯಾಗಬಾರದು, ಹಕ್ಕಾಗಬೇಕು. ಹೊರದೇಶದಿಂದ ಬಂದ ಮಗುವಿನ ಪೂರ್ತಿ ಕಡತದ ಪ್ರತಿ ಇಲ್ಲಿಯೂ ಭದ್ರವಾಗಿರಬೇಕು. ಸಂಸದರು ಜನರನ್ನು ಕಾಣುವ ಸಂಜೆಗಳಲ್ಲಿ ಅಕ್ಕ ವಾಯ್ಡ್ ಡೆಕ್ಕಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಂಬರಿನ ಚೀಟಿ ಹಿಡಿದು ಎಷ್ಟು ಸಲ ಕೂತಳೋ. “ಅಲ್ಲಿ ಕೂರೋ ಆಂಟಿಗಳಿಗೆಲ್ಲ ಈಗ ನನ್ನ ಹುಟ್ಟಿದ ಕಥೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ” ಎನ್ನುತ್ತಿದ್ದಳು. ಕೊನೆಗೂ ದಿನ ಸಿಕ್ಕಿತು. ಬರುವ ಶನಿವಾರ ಬೆಳಿಗ್ಗೆ ಕಮ್ಯುನಿಟಿ ಕ್ಲಬ್ಬಿನಲ್ಲಿ ಸಂಸದರೂ ಇಲಾಖೆಯವರೂ ಇವರ ಹೇಳಿಕೆಗಳನ್ನು ಕೇಳುತ್ತಾರೆ.

ಈಗ ಬೇರೆ ಮನೆ ಮಾಡಿಕೊಂಡಿರುವ ಅಕ್ಕ ಹೋದ ಭಾನುವಾರ ಮಧ್ಯಾಹ್ನ ಬಂದಿದ್ದಳು; ಊಟದ ಮೇಜಿನಲ್ಲೇ ನಮ್ಮಿಬ್ಬರ ತಾಲೀಮು. ನಾನು ಅಧಿಕಾರಿ. ಅವಳು ತನ್ನ ಹೇಳಿಕೆ ಓದಬೇಕು, ನಾನು ಕಷ್ಟದ ಪ್ರಶ್ನೆ ಕೇಳಬೇಕು. ಮೂರನೇ ಪ್ಯಾರಾ ಬಂತು. ‘ಕಡತವನ್ನು ಗೆದ್ದಲು ತಿಂದಿದೆ ಎಂದು ಪಾಟೀಲ ಎಂಬ ಸಿಬ್ಬಂದಿ ನನಗೆ ಫೋನಿನಲ್ಲಿ ತಿಳಿಸಿದರು. ಒಂದೇ ಪ್ರತಿಯಿದ್ದರೆ ಒಬ್ಬ ಮನುಷ್ಯನ ಮೂಲ ಹೀಗೆ ಅಳಿಸಿಹೋಗುತ್ತದೆ.’

ನನ್ನ ಪಾಟೀಲ ಅಲ್ಲಿ ಟೈಪಾಗಿ ಕೂತಿದ್ದ. ಆದರೂ ವಿದ್ಯೆ ಬಿಡಬೇಕಲ್ಲ—ಕನ್ನಡಕ ಮೂಗಿನ ತುದಿಗೆ ತಂದು, “ಮೇಡಂ, ಈ ಪಾಟೀಲ್ ಅಂತೀರಲ್ಲ, ಕ್ಯಾನ್ ಪ್ರೂವ್ ಆರ್ ನಾಟ್?” ಎಂದೆ.

“ಕ್ಯಾನ್ ಲಾ,” ಎಂದು ಅಕ್ಕನೂ ಇಲ್ಲಿನವರ ಇಂಗ್ಲಿಷಿನಲ್ಲೇ ಹೇಳಿ ನಕ್ಕಳು. “ಕಾಲ್ ಮುಗಿದ ಐದೇ ನಿಮಿಷಕ್ಕೆ ನನ್ನ ತಮ್ಮನಿಗೆ ಹೇಳಿದ್ದೆ. ಅವನೇ ವಿಟ್ನೆಸ್.” ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಮೂರನೇ ಪ್ಯಾರಾದ ಕೆಳಗೆ ‘ಸಾಕ್ಷಿ’ ಎಂದು ಟೈಪಾಗಿತ್ತು. ಅದರ ಮುಂದೆ ನನ್ನ ಹೆಸರು. ಸಹಿಗೆ ಖಾಲಿ ಗೆರೆ. “ಸೈನ್ ಮಾಡೋ ಪುಟ್ಟ.”

ಪೆನ್ನು ಹಿಡಿದೆ. ಸಹಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇಡಿಕೆ ನ್ಯಾಯವಾದದ್ದೇ, ಪುರಾವೆ ಒಂದು ಸುಳ್ಳಾದರೇನು ಎಂದು ಒಂದು ಕ್ಷಣ ಅನ್ನಿಸಿತು ಕೂಡ. ಆದರೆ ಯಾರಾದರೂ ಆಶ್ರಮಕ್ಕೆ ಒಂದು ಫೋನು ಮಾಡಿ ವಿಚಾರಿಸಿದರೆ ಸುಳ್ಳುಗಾತಿಯಾಗುವವಳು ಅವಳು. ಅವಳ ಜತೆಗೆ ಆ ಮೇಜಿನ ಎಲ್ಲರೂ. ನಾನಲ್ಲ. ಒಂಬತ್ತು ವರ್ಷ ನನ್ನ ಸುಳ್ಳನ್ನು ಅವಳು ಹೊತ್ತು ತಿರುಗಿದ್ದು ಸಾಕಾಗಲಿಲ್ಲವೇ—

ನನ್ನ ದನಿಯಲ್ಲಿ ಹೇಳಲು ಹೋದೆ. ಬರಲಿಲ್ಲ. ಪೆನ್ನು ಕೆಳಗಿಟ್ಟು, ದವಡೆಗೆ ನಾಲಗೆ ಒತ್ತಿ, ಈ ಸಲ ಸರಿಯಾಗಿ, ಒಂದಕ್ಷರ ತಪ್ಪದೆ ಹೇಳಿದೆ: “ಹುಡುಕಿದ್ವಿ ನೋಡವಾ ತಂಗಿ…”

ಅಕ್ಕನ ಮುಖದಲ್ಲಿ ನಗು ಇನ್ನೂ ಇತ್ತು. ಅದು ಹೋಗಲು ಸಮಯ ಹಿಡಿಯಿತು.

“ಇನ್ನೊಂದ್ಸಲ ಹೇಳು,” ಎಂದಳು.

ಹೇಳಿದೆ.

“ಲೆಟರ್ ಬಂದಿತ್ತಾ?”

“ಬಂದಿತ್ತು. ಫೈಲ್ ಇದೆ, ಬನ್ನಿ ಅಂತ.”

“ಎಲ್ಲಿದೆ?”

ನಾನು ಅಡುಗೆಮನೆಯ ಚ್ಯೂಟಿನ ಕಡೆ ನೋಡಿದೆ. ಅವಳೂ ನೋಡಿದಳು. ಕಾಗದಗಳನ್ನು ಒಟ್ಟುಮಾಡಿ, ಅಂಚು ಸರಿಪಡಿಸಿ, ಎದ್ದು ತನ್ನ ಮನೆಗೆ ಹೊರಟುಹೋದಳು.

ಅಪ್ಪ ಅಮ್ಮನಿಗೆ ಆ ಸಂಜೆಯೇ ಹೇಳಿದೆ. ಅಪ್ಪ ‘ಬಸವಾ’ ಎನ್ನಲಿಲ್ಲ. ಅಮ್ಮ “ನಾ ಅವತ್ತು ಅಂದಿದ್ದಕ್ಕ…” ಎಂದು ಶುರುಮಾಡಿದರು. “ನಿಮ್ಮ ಮಾತಿಗೂ ಇದಕ್ಕೂ ಸಂಬಂಧ ಇಲ್ಲಮ್ಮ” ಎಂದೆ. ಈ ಮನೆಯಲ್ಲಿ ನಾನು ಆಡಿದ ಮಾತುಗಳಲ್ಲಿ ಅದಾದರೂ ನೆಟ್ಟಗಿತ್ತು ಎಂದುಕೊಂಡಿದ್ದೇನೆ.

ಸೋಮವಾರ ಅಕ್ಕ ಆಶ್ರಮಕ್ಕೆ ಫೋನು ಮಾಡಿದಳಂತೆ. ಅದರ ಟ್ರಸ್ಟಿನವರು ಯಾರೋ ಎತ್ತಿ, ಆಶ್ರಮ ಮುಚ್ಚಿ ನಾಲ್ಕು ವರ್ಷವಾಯಿತು ಎಂದರಂತೆ. ಹಳೆಯ ಕಡತಗಳು ಯಾವುದೋ ಕಚೇರಿಗೆ ಹೋಗಿವೆ, ಹುಡುಕಿ ತಿಳಿಸುತ್ತೇವೆ ಎಂದರಂತೆ. ಸಿಗಬಹುದು, ಸಿಗದಿರಬಹುದು. ಸಿಕ್ಕರೂ, ಅದರೊಳಗೆ ಹೆಸರಿರುವ ಹೆಂಗಸು ಒಂಬತ್ತು ವರ್ಷದಲ್ಲಿ ಮನೆ ಬದಲಿಸಿರಬಹುದು, ಮರೆತಿರಬಹುದು, ತೀರಿಹೋಗಿರಬಹುದು. ಆ ಒಂಬತ್ತು ವರ್ಷ ನಾನು ಯಾವ ದನಿಯಲ್ಲಿ ಕರೆದರೂ ಹಿಂದಕ್ಕೆ ಬರುವುದಿಲ್ಲ. ಇದೆಲ್ಲ ನನಗೆ ಅಮ್ಮನಿಂದ ತಿಳಿದದ್ದು. ಅಕ್ಕ ನನ್ನೊಡನೆ ಮಾತಾಡಿಲ್ಲ.

ಬುಧವಾರ ಅವಳಿಂದ ಒಂದು ಮೆಸೇಜು ಬಂತು. ಜತೆಗೆ ಅವಳ ಹೇಳಿಕೆಯ ಫೈಲು. ಮೂರನೇ ಪ್ಯಾರಾ ಇದ್ದ ಜಾಗ ಖಾಲಿ. ‘ಇದನ್ನು ನೀನು ಬರಿ. ಶನಿವಾರ ನೀನೇ ಓದು. ಮಿಮಿಕ್ರಿ ಬೇಡ.’ ‘ಪುಟ್ಟ’ ಇರಲಿಲ್ಲ. ಇರಲೆಂದು ನಾನು ಕೇಳುವಂತೆಯೂ ಇಲ್ಲ.

ಬರೆದಿದ್ದೇನೆ. ಲಿಫ್ಟು, ಲಕೋಟೆ, ಚ್ಯೂಟು, ಅಡಿಕೆ ಹೋಳು—ಎಲ್ಲ ಇದೆ. ಗುಂಪಿನ ಬೇಡಿಕೆಗಳಿಗೆ ಒಂದು ಸಾಲು ಸೇರಿಸಿ ಎಂದೂ ಕೇಳಿದ್ದೇನೆ: ದತ್ತು ಹೋಗಿ ವಯಸ್ಕರಾದವರಿಗೆ ಕಳಿಸುವ ಉತ್ತರ ಅವರ ಕೈಗೇ ಸೇರಬೇಕು, ಸೇರಿತೇ ಎಂದು ಕಚೇರಿ ಖಾತ್ರಿ ಮಾಡಿಕೊಳ್ಳಬೇಕು, ಮನೆಯ ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳಬಾರದು. ಅವರು ಚರ್ಚಿಸಿ ಒಪ್ಪಿದರು. ಆ ಸಾಲು ಎಲ್ಲಿಂದ ಬಂತೆಂದು ಅವರಿಗೆಲ್ಲ ಈಗ ಗೊತ್ತು.

ಶನಿವಾರ ಯಾರಾದರೂ ಕೇಳಿಯೇ ಕೇಳುತ್ತಾರೆ: ಪ್ರೀತಿಯಿರುವ ಮನೆಗೆ ಇಂಥ ಕಾನೂನು ಯಾಕೆ ಬೇಕು? ಆ ಪ್ರಶ್ನೆಯನ್ನು ಮೂರು ದನಿಯಲ್ಲಿ ನನಗೆ ನಾನೇ ಕೇಳಿಕೊಂಡು ನೋಡಿದ್ದೇನೆ. ಉತ್ತರ ಒಂದೇ. ನಮ್ಮದು ಪ್ರೀತಿಯಿರುವ ಮನೆಯೇ. ಅದರೊಳಗೆ ನನ್ನಂಥವನು ಇದ್ದರೂ ಅವಳ ಕಾಗದ ಅವಳಿಗೆ ಸಿಗುವಂಥ ಕಾನೂನು ಬೇಕು.

ಅಕ್ಕ ಕಳಿಸಿದ ಫೈಲಿನಲ್ಲಿ ಖಾಲಿ ಜಾಗದ ಕೆಳಗೆ ‘ಸಾಕ್ಷಿ’ ಎಂಬ ಪದ ಹಾಗೇ ಉಳಿದಿತ್ತು. ಅದನ್ನು ಹೊಡೆದುಹಾಕಿ, ಮೇಲೆ ‘ಕರೆ ಮಾಡಿದವನು’ ಎಂದು ಬರೆದು, ಸಹಿ ಹಾಕಿದ್ದೇನೆ.