ಮೂರನೇ ಸುತ್ತಿನ ಕಾಫಿ

ಮೊನ್ನೆ ಭಾನುವಾರ ಬೆಳಿಗ್ಗೆ ಹೆಂಡತಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದೇ ತಡ, ನೆತ್ತಿಯ ಮೇಲಿನ ಹೊಗೆ ಅಲಾರಂ ಕಿರುಚಿಕೊಂಡಿತು. ಅದಕ್ಕೆ ಒಗ್ಗರಣೆಗೂ ಬೆಂಕಿ ಅನಾಹುತಕ್ಕೂ ವ್ಯತ್ಯಾಸ ತಿಳಿಯದು. ಕುರ್ಚಿ ಹತ್ತಿ ಟವೆಲಿನಿಂದ ಗಾಳಿ ಬೀಸುವುದು ಈ ಮನೆಯಲ್ಲಿ ನನಗೆ ಪೂರ್ತಿ ಬರುವ ಒಂದೇ ಕೆಲಸ. ಅದನ್ನೂ ನಾನು ಕಲಿತದ್ದು ಆಗ ಪಕ್ಕದ ಮನೆಯಲ್ಲಿದ್ದ ಲೇತೆಯ ಹತ್ತಿರ.

ಲೇತೆ ಇಥಿಯೋಪಿಯಾದ ಉತ್ತರದ ತುದಿಯವಳು. ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಗೋಡೆ ತಾಗಿದ ನೆರೆ. ಅವಳ ಮಗನೂ ನಮ್ಮ ಮಗಳೂ ಒಂದೇ ಡೇಕೇರು. ಶನಿವಾರ ಬೆಳಿಗ್ಗೆ ಅವಳು ಹಸಿ ಕಾಫಿಬೀಜ ಹುರಿಯುತ್ತಿದ್ದಳು, ಅಲಾರಂ ಕೂಗುತ್ತಿತ್ತು, ನಾನು ಟವೆಲಿನೊಂದಿಗೆ ಹಾಜರಾಗುತ್ತಿದ್ದೆ. ಹಾಸನದವನಾದ್ದರಿಂದ ಕಾಫಿಯ ವಿಷಯದಲ್ಲಿ ನನಗೆ ಜಂಬ ಜಾಸ್ತಿ. ಮೊದಲ ದಿನ ಒಂದು ಕಪ್ಪು ಕುಡಿದು, ಚೆನ್ನಾಗಿದೆ ಎಂದು ಸರ್ಟಿಫಿಕೇಟು ಕೊಟ್ಟು ಎದ್ದೆ. "ಕೂತ್ಕೊ" ಎಂದಳು. ಅವರಲ್ಲಿ ಕಾಫಿ ಮೂರು ಸುತ್ತು. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಕುದಿಸುತ್ತಾರೆ. ಮೂರನೆಯದು ತೆಳ್ಳಗಿರುತ್ತದೆ, ಆದರೆ ಆಶೀರ್ವಾದ ಇರುವುದು ಅದರಲ್ಲಿಯೇ. ಅದಕ್ಕೆ ಮೊದಲೇ ಹೊರಡುವುದೆಂದರೆ ಊಟದ ನಡುವೆ ಎಲೆ ಬಿಟ್ಟು ಎದ್ದ ಹಾಗೆ.

ಆಮೇಲೆ ಅವಳ ಕಡೆ ಯುದ್ಧ ಶುರುವಾಯಿತು. ಮೊದಲು ದೇಶದೊಳಗೇ ಒಡಕು, ಬೆನ್ನಿಗೇ ಗಡಿಯಾಚೆಯ ಎರಿಟ್ರಿಯಾದ ಸೈನ್ಯವೂ ಒಳನುಗ್ಗಿತು. ಫೋನುಗಳು ಸತ್ತವು. ಗಡಿಯ ಹತ್ತಿರದ ಸಣ್ಣ ಊರಿನಲ್ಲಿದ್ದ ಅವಳ ಅಮ್ಮ ಬದುಕಿದ್ದಾಳೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಅಲ್ಲಿಂದಾಚೆ ಲೇತೆ ಎರಡೇ ಸುತ್ತಿಗೆ ಪಾತ್ರೆ ತೊಳೆದಿಡತೊಡಗಿದಳು. "ಮೂರನೇದು ಅಮ್ಮನ ದನಿ ಕೇಳಿದ ಮೇಲೆ" ಎಂದಳು. ಹರಕೆ ಅಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ದಿನಗಳಲ್ಲಿ ಊರಿಗೆ ಫೋನು ಮಾಡಿ ನನ್ನ ಅಮ್ಮನ ಜೊತೆ ಮಾತಾಡಲು ನಾಚಿಕೆಯಾಗುತ್ತಿತ್ತು. ಗೋಡೆಯಾಚೆ ಕೇಳಿಸಬಾರದೆಂದು ಕಾರಿನಲ್ಲಿ ಕೂತು ಮಾತಾಡುತ್ತಿದ್ದೆ.

ಈಗ ನನ್ನ ಘನಕಾರ್ಯ ಕೇಳಿ. ಇಲ್ಲಿನ ಗ್ರೋಸರಿ ಅಂಗಡಿಯಲ್ಲಿ ಯಾರ ಬಾಯಲ್ಲಾದರೂ ಕನ್ನಡ ಕೇಳಿದರೆ ಸಾಕು, "ಯಾವೂರು ನಿಮ್ದು?" ಎಂದು ಅಡ್ಡ ನಿಂತು ಊಟಕ್ಕೆ ಕರೆದೇ ಬಿಡುವ ಜಾಯಮಾನ ನಮ್ಮದು. ಮೌಂಟನ್ ವ್ಯೂಗೆ ಹೋಗುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಯೋನಾಸ್ ಫೋನಿನಲ್ಲಿ ಆಡುವ ಭಾಷೆ ಲೇತೆಯದೇ ಎಂದು ಗೊತ್ತಾಯಿತು. ಒಂದೇ ಭಾಷೆ ಅಂದಮೇಲೆ ಒಂದೇ ಮನೆಯವರು ತಾನೆ? ಅವಳಿಗೆ ಸಮಾಧಾನವಾಗಲಿ ಎಂದು, ಅವನ ದೇಶ ಯಾವುದೆಂದು ವಿಚಾರಿಸದೆ, ಅವಳನ್ನೂ ಒಂದು ಮಾತು ಕೇಳದೆ ಶನಿವಾರ ಕರೆದುಕೊಂಡು ಹೋದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಮೊದಲ ಕಪ್ಪು ಮುಗಿಯುವವರೆಗೆ ಇಬ್ಬರೂ ನಗುತ್ತ ಮಾತಾಡಿದರು. ಊರಿನ ಹೆಸರು ಬಂದಿರಬೇಕು, ಲೇತೆ ಪಾತ್ರೆ ಕೆಳಗಿಟ್ಟಳು. ನನಗೂ ತಿಳಿಯಲೆಂದೋ ಏನೋ, ಇಂಗ್ಲಿಷಿಗೆ ಹೊರಳಿದಳು. ನಾನು ಕನ್ನಡದಲ್ಲೇ ಹೇಳುತ್ತೇನೆ.

"ಎರಿಟ್ರಿಯಾ ಅಂದ್ರೆ... ನಿಮ್ಮವರು ಯಾರಾದ್ರೂ ಸೈನ್ಯದಲ್ಲಿ ಇದಾರಾ?"

"ತಮ್ಮ. ಎಳ್ಕೊಂಡು ಹೋದ್ರು. ಎಲ್ಲಿದಾನೋ ಗೊತ್ತಿಲ್ಲ." ಯೋನಾಸ್ ಎದ್ದು ನಿಂತಿದ್ದ. "ನಾನು ಹೊರಡ್ತೀನಿ."

"ನಮ್ಮೂರಲ್ಲೇ ಇರಬಹುದು."

"ಇರಬಹುದು."

ಲೇತೆ ಕೆಳಗಿಟ್ಟ ಪಾತ್ರೆಯನ್ನು ಮತ್ತೆ ಎತ್ತಿಕೊಂಡಳು. "ಹಾಗಾದ್ರೆ ನಮ್ಮಮ್ಮ ಇದಾಳಾ ಇಲ್ವಾ ಅಂತ ಅವನಿಗೆ ಗೊತ್ತಿರುತ್ತೆ. ಫೋನ್ ಬಂದ್ರೆ ಕೇಳು" ಎಂದು ಎರಡನೇ ಸುತ್ತು ಬಗ್ಗಿಸಿದಳು. ಯೋನಾಸ್ ಕೂತು ಕುಡಿದ. ಮತ್ತೆಂದೂ ಅವಳ ಮನೆಗೆ ಬರಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಫೋನು ಹತ್ತಿತು. ಅಮ್ಮ ಇದ್ದಳು. ಲೇತೆ ಗೋಡೆ ಗುದ್ದಿ ನಮ್ಮನ್ನು ಕರೆದಳು, ಅಳುತ್ತಲೇ ಮೂರನೇ ಕಪ್ಪು ಕುಡಿಸಿದಳು. ಯೋನಾಸನ ತಮ್ಮನ ಸುದ್ದಿ ಮಾತ್ರ ಇವತ್ತಿಗೂ ಬಂದಿಲ್ಲ. ಲೇತೆ ಈಗ ಊರು ಬದಲಿಸಿ ಡ್ಯಾನ್‌ವಿಲ್‌ನಲ್ಲಿದ್ದಾಳೆ.

ಆ ಗಡಿಯಲ್ಲಿ ಮತ್ತೆ ಸೈನ್ಯ ಸೇರುತ್ತಿದೆ ಎನ್ನುತ್ತಾರೆ. ಒಗ್ಗರಣೆಯ ಮಾರನೆಯ ದಿನ ಬಸ್ಸಿನಲ್ಲಿ ಯೋನಾಸ್ ಲೇತೆಯ ನಂಬರು ಕೇಳಿದ. ಮನೆಯಲ್ಲಿ ಉಳಿದಿದ್ದ ಕೊನೆಯ ತಮ್ಮನನ್ನೂ ಗಡಿಗೆ ಕಳಿಸಿದ್ದಾರಂತೆ. "ಅವರಮ್ಮ ಅಲ್ಲೇ ಇದಾರಲ್ಲ. ಹುಡುಗ ಆ ಕಡೆ ಬಂದ್ರೆ ಸ್ವಲ್ಪ ನೋಡ್ಕೊಳ್ಳಲಿ ಅಂತ..." ಎಂದು ಕಿಟಕಿಯ ಕಡೆ ತಿರುಗಿದ.

ಈ ಸಲ ನಾನು ಆತುರಪಡಲಿಲ್ಲ. ನಂಬರು ಕೊಡದೆ, ಸಂಜೆ ನಾನೇ ಅವಳಿಗೆ ಫೋನು ಮಾಡಿದೆ. ಇಂಥದ್ದನ್ನು ಅವಳಲ್ಲಿ ಕೇಳಬಹುದೇ ಎಂಬ ಅನುಮಾನ ಇದ್ದೇ ಇತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹುಡುಗನ ಫೋಟೋ ಕಳಿಸೋಕೆ ಹೇಳು" ಎಂದಳು. "ಅಮ್ಮಂಗೆ ಹೆಸರು ನೆನಪಿರಲ್ಲ. ಮುಖ ನೆನಪಿಟ್ಕೋತಾಳೆ."